ನಾಲ್ಕನೆಯ ಅಂಚು

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಪುಟ್ಟ ಕೌದಿ ಇತ್ತು. ಮೂರು ಅಂಚು ಹೊಲಿದು ಮುಗಿದಿತ್ತು, ನಾಲ್ಕನೆಯದು ಹಾಗೆಯೇ ಬಿಟ್ಟಿತ್ತು. ನನ್ನ ಮದುವೆಯಾದ ವರ್ಷ, ಅಂದರೆ 2013ರ ಬೇಸಿಗೆಯಲ್ಲಿ, ಅತ್ತೆ ಅದನ್ನು ಹೊಲಿಯಲು ಕೂತರು. ತಮ್ಮ ಇಳಕಲ್ ಸೀರೆಯ ಮೆತ್ತಗಾದ ಒಡಲು, ನನ್ನ ಅವ್ವ ಕಳಿಸಿದ ಹಳೆಯ ಚೌಕಳಿ ಸೀರೆ, ಮಾವನವರ ಸವೆದ ಧೋತರ, ಎಲ್ಲವನ್ನೂ ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ದಪ್ಪ ದಾರದಲ್ಲಿ ಸಾಲು ಸಾಲು ಹೊಲಿಗೆ ಹಾಕುತ್ತಾ ಹೋದರು. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ಅಷ್ಟಗಲದಲ್ಲಿ ಮಲಗುವುದು ಕೂಸು ಮಾತ್ರ. ನಾಲ್ಕನೆಯ ಅಂಚನ್ನು ಕೂಸು ಮನೆಗೆ ಬಂದ ಮೇಲೆ ಹೊಲಿಯುತ್ತೇನೆ, ಮೊದಲೇ ಮುಗಿಸಬಾರದು ಎಂದಿದ್ದರು. ಅದು ಅವರ ನಂಬಿಕೆ.

ಹನ್ನೆರಡು ವರ್ಷವಾಯಿತು. ಕೂಸು ಬರಲಿಲ್ಲ. ನಮ್ಮಿಬ್ಬರ ದೇಹದಲ್ಲಿ ಯಾವ ತೊಂದರೆಯೂ ಇಲ್ಲ. ನಾನೂ ನನ್ನ ಗಂಡನೂ ಕೂತು ಯೋಚಿಸಿ, ಜಗಳವಾಡಿ, ಅತ್ತು, ಮತ್ತೆ ಯೋಚಿಸಿ, ಬೇಡವೆಂದು ತೀರ್ಮಾನಿಸಿದೆವು. ಕೊಪ್ಪಳದಂಥ ಊರಿನಲ್ಲಿ ಹೀಗೆ ಹೇಳುವುದಕ್ಕಿಂತ ‘ದೇವರು ಕೊಡಲಿಲ್ಲ’ ಎನ್ನುವುದು ಸುಲಭ. ಬಹಳ ವರ್ಷ ನಾನೂ ಹಾಗೆಯೇ ಹೇಳಿಕೊಂಡು ತಿರುಗಿದೆ. ಕೂಸಿಗಾಗಿ ಗುಡಿ, ಆಸ್ಪತ್ರೆ, ಹರಕೆ ಎಂದು ಅಲೆಯುವ ಹೆಣ್ಣುಮಕ್ಕಳು ನನ್ನ ಕೈ ಹಿಡಿದು ತಮ್ಮ ದುಃಖ ತೋಡಿಕೊಂಡಾಗಲೂ ಸುಮ್ಮನೆ ತಲೆಯಾಡಿಸಿದೆ. ಅವರ ನೋವನ್ನು ನನ್ನ ಅನುಕೂಲಕ್ಕೆ ಹೊದ್ದುಕೊಂಡಿದ್ದೆ. ಅದು ತಪ್ಪು. ಆ ತಪ್ಪು ಎದೆಯಲ್ಲಿ ಚುಚ್ಚುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಒಮ್ಮೆ ನಮ್ಮ ಓಣಿಯಲ್ಲಿ ಒಬ್ಬ ಬಸುರಿಯ ಕುಬಸಕ್ಕೆ ಹೋಗಿದ್ದೆ. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಉಡಿ ತುಂಬಲು ಸಾಲಾಗಿ ನಿಂತ ಹೆಂಗಸರು. ನನ್ನ ಸರದಿ ಬಂದಾಗ, ಅಕ್ಕಿಯ ಬಟ್ಟಲು ಹಿಡಿದಿದ್ದ ಹಿರಿಯರೊಬ್ಬರು ಅದನ್ನು ನನ್ನ ಕೈಗೆ ಕೊಡದೆ ನನ್ನ ಹಿಂದಿದ್ದವರಿಗೆ ದಾಟಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಕಾದ ಪಾತ್ರೆಯನ್ನು ಕೂಸಿನ ಹತ್ತಿರದಿಂದ ಸರಿಸುವವರ ಹಾಗೆ ಸಹಜವಾಗಿ ಸರಿಸಿದರು. ಆಮೇಲೆ ಊಟದ ಪಂಕ್ತಿಯಲ್ಲಿ ಅವರೇ ಪಕ್ಕಕ್ಕೆ ಬಂದು ಕೂತು, ಹೋಳಿಗೆಗೆ ತುಪ್ಪ ಹಾಕಿಸಿ, ಪ್ರೀತಿಯಿಂದ ಬುದ್ಧಿ ಹೇಳಿದರು. ವಂಶ ಬೆಳೆಯಬೇಕು. ಮುಪ್ಪಿನಲ್ಲಿ ಒಂದು ಲೋಟ ನೀರು ಕೊಡಲು ಯಾರಾದರೂ ಬೇಕು. ಇರುವ ನಾಲ್ಕು ಎಕರೆ ಹೊಲ ಯಾರ ಪಾಲಾಗಬೇಕು? ಮಕ್ಕಳಿಲ್ಲದ ಮನೆ ಬಿಕೋ ಎನ್ನುತ್ತದೆ. ಜನ ಏನೆಂದಾರು?

ಅಂದು ರಾತ್ರಿ ಈ ಮಾತುಗಳನ್ನೇ ಮೆಲುಕು ಹಾಕುತ್ತಾ ಮಲಗಿದ್ದವಳು ಎದ್ದು ಕೂತೆ. ಇವುಗಳಲ್ಲಿ ಒಂದು ಕಾರಣವೂ ಹುಟ್ಟಬೇಕಾದ ಆ ಕೂಸಿನದಲ್ಲ. ಮುಪ್ಪು ನಮ್ಮದು, ಹೊಲ ನಮ್ಮದು, ಬಿಕೋ ಎನ್ನುವ ಮನೆ ನಮ್ಮದು, ಜನರ ಬಾಯಿಗೆ ಹೆದರುವವರೂ ನಾವೇ. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಅದರ ಹೆಗಲಿಗೆ ಇಷ್ಟು ಹೊರೆ ಸಿದ್ಧವಾಗಿ ಕೂತಿರುತ್ತದೆ.

ಮುಪ್ಪಿನ ಆಸರೆಯ ಮಾತನ್ನಂತೂ ನಾನು ಹೆಚ್ಚು ನಂಬುವುದಿಲ್ಲ. ಹೆತ್ತವರನ್ನು ಮಕ್ಕಳು ಸಾಕಬೇಕೆಂದು 2007ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಜೀವನಾಂಶಕ್ಕಾಗಿ ವೃದ್ಧರು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಗುಳೆ ಹೋದವರ ಮನೆಗಳ ಕಟ್ಟೆಯ ಮೇಲೆ ಕೂತಿರುವವರೂ ಮಕ್ಕಳನ್ನು ಹೆತ್ತವರೇ. ಮಕ್ಕಳು ಕೆಟ್ಟವರೆಂದಲ್ಲ, ಬೆಂಗಳೂರಿನ ಕಟ್ಟಡ ಕೆಲಸ ಅವರನ್ನು ಕರೆದುಕೊಂಡು ಹೋಗಿದೆ. ನೀರಿನ ಲೋಟ ಕೊಡುವ ಮಾತು ಹಾಗಿರಲಿ, ಅಲ್ಲಿ ಅಜ್ಜಿಯರೇ ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಹಾಕುತ್ತಿದ್ದಾರೆ.

ಕೇಳದೆ ಹುಟ್ಟಿಸಿದ್ದಕ್ಕಾಗಿ ಹೆತ್ತವರ ಮೇಲೆ ಮೊಕದ್ದಮೆ ಹೂಡುತ್ತೇನೆಂದು ಮುಂಬೈಯ ಯುವಕನೊಬ್ಬ ಹೇಳಿದ್ದು 2019ರಲ್ಲಿ ಸುದ್ದಿಯಾಗಿತ್ತು. ಅವನ ತಂದೆ ತಾಯಿ ಇಬ್ಬರೂ ವಕೀಲರು. ಹುಟ್ಟುವ ಮೊದಲು ನಿನ್ನ ಒಪ್ಪಿಗೆಯನ್ನು ನಾವು ಹೇಗೆ ಪಡೆಯಬಹುದಿತ್ತು ಎಂಬುದನ್ನು ವಿವರಿಸಿದರೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ತಾಯಿ ಉತ್ತರ ಕೊಟ್ಟಿದ್ದರು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಆ ಸುದ್ದಿ ಓದಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತಾಯಿಯ ಮಾತು ನಿಜ, ಒಪ್ಪಿಗೆ ಪಡೆಯಲು ಸಾಧ್ಯವಿಲ್ಲ. ಆದರೆ ಒಪ್ಪಿಗೆ ಪಡೆಯಲಾಗದ ಕೆಲಸವನ್ನು ನಾವು ಬೇರೆಲ್ಲ ಕಡೆ ಎಷ್ಟು ಅಳೆದು ತೂಗಿ ಮಾಡುತ್ತೇವೆ! ಪ್ರಜ್ಞೆಯಿಲ್ಲದೆ ಮಲಗಿದವರಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಅದು ಆ ರೋಗಿಗೆ ಒಳ್ಳೆಯದೇ ಎಂದು ಹತ್ತು ಸಲ ಯೋಚಿಸುತ್ತಾರೆ. ಒಂದಿಡೀ ಬದುಕನ್ನು ಇನ್ನೊಬ್ಬರಿಗೆ ಕೊಡುವಾಗ ಮಾತ್ರ ಯೋಚಿಸುವುದೇ ಅಪಚಾರವೆನ್ನಿಸುತ್ತದೆ.

ದಕ್ಷಿಣ ಆಫ್ರಿಕಾದ ತತ್ತ್ವಜ್ಞಾನಿ ಡೇವಿಡ್ ಬೆನಟಾರ್ ಈ ವಾದವನ್ನು ತುದಿಯವರೆಗೂ ಒಯ್ಯುತ್ತಾರೆ. ನೋವಿಲ್ಲದಿರುವುದು ಯಾವಾಗಲೂ ಒಳ್ಳೆಯದು, ಅದರಿಂದ ಪಾರಾದವರು ಯಾರೂ ಇಲ್ಲದಿದ್ದರೂ ಸರಿಯೇ. ಸುಖವಿಲ್ಲದಿರುವುದು ಮಾತ್ರ, ಅದನ್ನು ಕಳೆದುಕೊಳ್ಳಲು ಒಬ್ಬರಿದ್ದಾಗಷ್ಟೇ ಕೆಟ್ಟದ್ದು. ಹಾಗಾಗಿ ಹುಟ್ಟದಿರುವುದೇ ಮೇಲು ಎನ್ನುತ್ತಾರೆ ಅವರು. ಅಲ್ಲಿಯವರೆಗೆ ನಾನು ಹೋಗಲಾರೆ. ನನ್ನ ಅಜ್ಜಿ ಬರಗಾಲ ಕಂಡವಳು, ಇಬ್ಬರು ಮಕ್ಕಳನ್ನು ಮಣ್ಣು ಮಾಡಿದವಳು. ಆದರೂ ಸೀತನಿ ತಿನ್ನುವ ಕಾಲ ಬಂದರೆ ಹೊಲದ ಬದುವಿನಲ್ಲಿ ಕೂತು, ಸುಟ್ಟ ಜೋಳದ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಬಿಸಿ ಕಾಳನ್ನು ಊದಿ ನಮ್ಮ ಬಾಯಿಗೆ ಹಾಕುತ್ತಾ ನಗುತ್ತಿದ್ದಳು. ಆ ನಗುವಿನ ಮುಂದೆ ನಿಂತು ‘ನೀನು ಹುಟ್ಟಬಾರದಿತ್ತು’ ಎಂದು ಹೇಳುವ ಧೈರ್ಯ ಯಾವ ತರ್ಕಕ್ಕೂ ಇರಬಾರದು. ಆದರೆ ಬೆನಟಾರ್ ಮಾತಿನ ಅರ್ಧ ಭಾಗ ನನ್ನಲ್ಲಿ ಉಳಿದುಬಿಟ್ಟಿದೆ. ನಾನು ಹೆರದ ಕೂಸು ಎಲ್ಲೋ ಕತ್ತಲೆಯಲ್ಲಿ ಕೂತು ಅಳುತ್ತಿಲ್ಲ. ಹುಟ್ಟದವರಿಗೆ ನಾನು ಅನ್ಯಾಯ ಮಾಡಿಲ್ಲ. ಹುಟ್ಟಿಸಿದರೆ ಮಾತ್ರ ನ್ಯಾಯ ಅನ್ಯಾಯದ ಲೆಕ್ಕ ಶುರುವಾಗುತ್ತದೆ.

ನಮ್ಮ ಶಾಸ್ತ್ರಗಳು ಹೇಳುವ ಲೆಕ್ಕ ಬೇರೆ. ಹುಟ್ಟುವಾಗಲೇ ತಲೆಯ ಮೇಲೆ ಮೂರು ಋಣ: ದೇವಋಣ, ಋಷಿಋಣ, ಪಿತೃಋಣ. ಸಂತಾನದಿಂದ ಮೂರನೆಯದು ತೀರುತ್ತದೆ. ಹೆತ್ತವರ ಋಣ ಏಳು ಜನ್ಮಕ್ಕೂ ತೀರದು ಎಂದು ಕೇಳುತ್ತಲೇ ಬೆಳೆದೆವು. ಆದರೆ ಸಾಲ ಬೇಕೆಂದು ಬಾಗಿಲಿಗೆ ಹೋದವರು ಯಾರು? ಆಸೆಪಟ್ಟವರು ನಾವು, ಹರಕೆ ಹೊತ್ತವರು ನಾವು. ಕೂಸು ಎಲ್ಲಿಯೂ ಸಹಿ ಹಾಕಿಲ್ಲ. ಅಪ್ಪ ಮಾಡಿದ ಸಾಲ ಪಹಣಿಯ ಮೇಲೆ ಕೂತು ಮಗನ ಕಾಲಕ್ಕೂ ಬರುವುದನ್ನು ನೋಡಿದವರು ನಾವು, ಅದು ಎಂಥ ಸಂಕಟವೆಂದು ಬಲ್ಲವರು. ನನ್ನ ಬುದ್ಧಿಗೆ ತಿಳಿದಂತೆ ಋಣ ಇರುವುದು ಹೆತ್ತವರ ಮೇಲೆ. ಕರೆದು ತಂದವರು ಬಂದವರಿಗೆ ಉತ್ತರ ಕೊಡಬೇಕು. ಉಣ್ಣಲು ಅನ್ನ, ಉಸಿರಾಡಲು ಗಾಳಿ, ಬೇಡವೆಂದರೆ ಬೇಡ ಎನ್ನುವಷ್ಟು ಸ್ವಾತಂತ್ರ್ಯ, ಇವು ನಾವು ಅದಕ್ಕೆ ತೀರಿಸಬೇಕಾದ ಸಾಲ. ಇದನ್ನು ಒಪ್ಪಿ ಮಗುವನ್ನು ಬಯಸುವವರನ್ನು ಕಂಡರೆ ನನಗೆ ಗೌರವ. ಅಂಥವರು ನನ್ನ ಗೆಳತಿಯರಲ್ಲೇ ಇದ್ದಾರೆ.

ಆದರೆ ಒಪ್ಪಿಕೊಂಡ ಮೇಲೆ ನಮ್ಮ ಕೈಯಲ್ಲಿ ಕೊಡಲು ಏನಿದೆ ಎಂದು ನೋಡಿಕೊಳ್ಳಬೇಕಾಗುತ್ತದೆ.

ಗಿಣಿಗೇರಿಯ ಸುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ಬೇಸಿಗೆಯಲ್ಲಿ ಅತ್ತೆ ಮಾಳಿಗೆಯ ಮೇಲೆ ಬಿಳಿ ಧೋತರ ಹಾಸಿ ಸಂಡಿಗೆ ಇಡುತ್ತಾರೆ. ಬೆಳಗ್ಗೆ ಇಟ್ಟ ಸಂಡಿಗೆಯನ್ನು ಸಂಜೆ ಎಬ್ಬಿಸುವಾಗ ಬೆರಳ ತುದಿ ಕಪ್ಪಾಗುತ್ತದೆ. ಮೊದಮೊದಲು ಒಲೆಯ ಮಸಿ ಎಂದುಕೊಂಡಿದ್ದರು. ನಮ್ಮ ಮನೆ ಕಾರ್ಖಾನೆಗಳಿಂದ ಸಾಕಷ್ಟು ದೂರವಿದೆ. ಹತ್ತಿರದ ಹಳ್ಳಿಗಳಿಂದ ನನ್ನ ತರಗತಿಗೆ ಬರುವ ಮಕ್ಕಳು ತಮ್ಮ ಊರಿನ ಹತ್ತಿಯ ತೊಳೆ ಬಿಳಿಯಾಗಿರುವುದಿಲ್ಲ ಎನ್ನುತ್ತಾರೆ. ಉಸಿರಾಟದ ಪಾಠ ಮಾಡುವಾಗ, ಶ್ವಾಸಕೋಶದ ಚಿತ್ರದಲ್ಲಿ ಗಾಳಿಗೂಡುಗಳನ್ನು ತೋರಿಸುತ್ತಾ ನಿಂತಾಗ, ಹಿಂದಿನ ಬೆಂಚಿನಿಂದ ಕೆಮ್ಮು ಕೇಳಿದರೆ ನನ್ನ ಕೈ ತಡೆಯುತ್ತದೆ. ಊರಿನ ಪಕ್ಕದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬರುವುದನ್ನು ವಿರೋಧಿಸಿ 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೂ ಬೀದಿಗಿಳಿದರು. ಆ ಜನಸಾಗರದಲ್ಲಿ ನಾನೂ ಇದ್ದೆ. ನನ್ನ ಮುಂದೆ ಒಬ್ಬರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದರು. ಮಕ್ಕಳಿಲ್ಲದ ನಿನಗೇಕೆ ಇದರ ಉಸಾಬರಿ ಎಂದು ಆಮೇಲೆ ಪರಿಚಯದವರೊಬ್ಬರು ಕೇಳಿದರು. ಆ ಮಗುವಿನ ಕಾಲು ನನ್ನ ಕಣ್ಣ ಮುಂದೆಯೇ ತೂಗುತ್ತಿತ್ತು. ಅವರಿಗೆ ಏನು ಉತ್ತರ ಕೊಡಲಿ?

ನನ್ನ ಗಂಡನ ಕೆಲಸ ಮುನಿರಾಬಾದಿನಲ್ಲಿ, ನೀರಾವರಿ ಕಚೇರಿಯಲ್ಲಿ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟನ್ನು ಕಟ್ಟಿದವರು ಇನ್ನೂ ಹುಟ್ಟದವರಿಗಾಗಿಯೇ ಕಟ್ಟಿದರು ಎಂದು ಅವರು ಹೇಳುತ್ತಾರೆ. ಆಗ ಅದರಲ್ಲಿ 133 ಟಿಎಂಸಿ ಅಡಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಅವರು ಎರಡು ದಿನ ಮನೆಗೆ ಬರಲಿಲ್ಲ. ಬಂದವರು ಊಟಕ್ಕೆ ಕೂತು, ಅಜ್ಜಂದಿರು ಇಟ್ಟ ಗಂಟಿಗೆ ನಾವು ಒಂದು ಹಿಡಿ ಸೇರಿಸಲಿಲ್ಲ, ಹರಿದ ಚೀಲವನ್ನೂ ಹೊಲಿಯಲಿಲ್ಲ ಎಂದರು. ತಟ್ಟೆಯ ಮುಂದೆ ಹಾಗೆಯೇ ಕೂತಿದ್ದರು.

ಭೂಮಿಗೆ ಭಾರವಾಗಬಾರದೆಂದು ಮಕ್ಕಳು ಬೇಡ ಎನ್ನುವವರೂ ಇದ್ದಾರೆ. ನನ್ನ ಕಾರಣ ಅದಲ್ಲ. ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸರಾಸರಿ 2 ಟನ್ ಇದ್ದರೆ ಅಮೆರಿಕದವರದು ಸುಮಾರು 14 ಟನ್. ಯಲಬುರ್ಗಾದ ಕೂಲಿ ಹೆಣ್ಣುಮಗಳ ಬಸಿರಿನ ಮೇಲೆ ಭೂಮಿ ಉಳಿಸುವ ಹೊಣೆ ಹೊರಿಸುವುದು ಅಸಹ್ಯ. ಸರ್ಕಾರಗಳ ಮಾತಂತೂ ಅಣೆಕಟ್ಟಿನ ಗೇಟಿನ ಹಾಗೆ. ‘ನಾವಿಬ್ಬರು, ನಮಗಿಬ್ಬರು’ ಎಂದು ಗೋಡೆಗಳ ಮೇಲೆ ಕೆಂಪು ತ್ರಿಕೋನ ಬರೆಸಿದ ದೇಶದಲ್ಲಿ ಈಗ ಹೆಚ್ಚು ಹೆರಿ ಎನ್ನುವ ಕೂಗು ಎದ್ದಿದೆ. ನೆರೆಯ ಆಂಧ್ರದ ಮುಖ್ಯಮಂತ್ರಿಗಳು 2024ರಲ್ಲಿ ಹಾಗೆಂದರು. ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ, ಅದು ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ 2.1ಕ್ಕಿಂತ ಕಡಿಮೆ. ನಾಳೆ ನಮ್ಮಲ್ಲೂ ಆ ಕೂಗು ಬರುತ್ತದೆ. ಗೇಟು ಇಳಿಸು ಎಂದವರೇ ಏರಿಸು ಎನ್ನುತ್ತಾರೆ. ಎರಡೂ ಸಲ ಯಾರೂ ಕೇಳದೆ ಉಳಿಯುವವಳು ಒಬ್ಬಳೇ.

ಹಾಗೆ ಯಾರೂ ಕೇಳದೆ ಉಳಿದ ಒಬ್ಬಳನ್ನು ನಾನು ಬಲ್ಲೆ. ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಸಂತಾನೋತ್ಪತ್ತಿಯ ಪಾಠ ಶುರುವಾಗುವುದೇ ಒಂದು ಸರಳ ಮಾತಿನಿಂದ: ಪೋಷಣೆ, ಉಸಿರಾಟ, ವಿಸರ್ಜನೆಗಳ ಹಾಗೆ ಸಂತಾನೋತ್ಪತ್ತಿ ಜೀವಿಯೊಂದು ಬದುಕಿರಲು ಅಗತ್ಯವಾದ ಕ್ರಿಯೆಯಲ್ಲ. ಬಹಳಷ್ಟು ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಇವಳು ಎದ್ದು ನಿಂತಳು. “ಟೀಚರ್, ಉಸಿರಾಡದಿದ್ದರೆ ಸಾಯುತ್ತೇವೆ. ಮಕ್ಕಳನ್ನು ಹೆರದಿದ್ದರೆ ಸಾಯುವುದಿಲ್ಲ. ಹಾಗಾದರೆ ಯಾಕೆ ಎಲ್ಲರೂ ಸಾಯುವವರ ಹಾಗೆ ಮಾಡುತ್ತಾರೆ?” ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ಒಳ್ಳೆಯ ಪ್ರಶ್ನೆ ಎಂದೆ. ಉತ್ತರ ಕೊಡದೆ ಮುಂದಿನ ಪುಟ ತಿರುಗಿಸಿದೆ.

ಒಂದೂವರೆ ವರ್ಷದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ಅವಳನ್ನು ನೋಡಿದೆ. ಏಳು ತಿಂಗಳ ಬಸುರಿ. ನನ್ನನ್ನು ಕಂಡೊಡನೆ ಕೈಯಲ್ಲಿದ್ದ ‘ತಾಯಿ ಕಾರ್ಡ್’ ಅನ್ನು ಸೆರಗಿನ ಹಿಂದೆ ಸರಿಸಿದಳು. ಕಾರ್ಡಿನಲ್ಲಿ ಅವಳಿಗೆ ಹತ್ತೊಂಬತ್ತು. ನನ್ನ ಹಾಜರಿ ಪುಸ್ತಕದ ಲೆಕ್ಕದಲ್ಲಿ ಇನ್ನೂ ಹದಿನೇಳು ತುಂಬಿರಲಿಲ್ಲ. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ದೂರದ ಹಳ್ಳಿಯಲ್ಲಿ ಮದುವೆ ಮುಗಿಸಿದ್ದರು. ಅವಳಿಗೆ ಗಂಡು ಹುಡುಕುತ್ತಿದ್ದಾರೆಂಬ ಮಾತು ನನ್ನ ಕಿವಿಗೆ ಬಿದ್ದಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಮಾಡಬಹುದಿತ್ತು. ಖಚಿತವಾಗಲಿ ಎಂದು ಕಾದೆ. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಆ ಅಂಕಿಯೊಳಗೆ ಅವಳಂಥವರು, ನನ್ನ ಆ ಕಾಯುವಿಕೆಯಂಥವು ಎಷ್ಟಿವೆಯೋ.

ಸಾಲು ಮುಂದೆ ಸರಿಯುವವರೆಗೆ ಅವಳ ಪಕ್ಕದಲ್ಲಿ ಕೂತೆ. ನಿಮಗೆ ಎಷ್ಟು ಮಕ್ಕಳು ಟೀಚರ್ ಎಂದು ಕೇಳಿದಳು. ಇಲ್ಲ, ಬೇಡವೆಂದುಕೊಂಡೆವು ಎಂದೆ. ನಿಜ ಹೇಳಿದ್ದು ಅದೇ ಮೊದಲು. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, “ಯಾರೂ ಹೊಡೆಯಲಿಲ್ಲವೇ?” ಎಂದಳು.

ಅವಳ ಹೆರಿಗೆಯಾದದ್ದು 2024ರ ನವೆಂಬರಿನಲ್ಲಿ. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ಬಂದ ತಿಂಗಳು. ಪ್ರತಿ ಬೆಳಗ್ಗೆ ಪತ್ರಿಕೆ ತೆರೆಯುವಾಗ ನನ್ನ ಕೈ ನಡುಗುತ್ತಿತ್ತು. ಅವಳಿಗೆ ಏನೂ ಆಗಲಿಲ್ಲ. ಹೆಣ್ಣು ಕೂಸು.

ಅವಳನ್ನು ಕಂಡು ಬಂದ ದಿನವೇ ಅತ್ತೆಗೆ ನಿಜ ಹೇಳಿದೆ. ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತಿದ್ದರು. ದೇವರು ಕೊಡಲಿಲ್ಲ ಎಂದದ್ದು ಸುಳ್ಳು, ನಾವೇ ಬೇಡವೆಂದೆವು ಎಂದೆ. ಅವರು ಒಂದು ಹರಳು ಹೆಕ್ಕಿ ಪಕ್ಕಕ್ಕಿಟ್ಟರು. ಇನ್ನೊಂದು ಹೆಕ್ಕಿದರು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ರಾತ್ರಿ ಕರೆಂಟು ಹೋಗಿತ್ತು. ಮಾಳಿಗೆಯ ಮೇಲೆ ಚಾಪೆ ಹಾಕಿಕೊಂಡಿದ್ದೆವು. ಕತ್ತಲಲ್ಲಿ ಅವರೇ ಮಾತು ತೆಗೆದರು.

ಹದಿಮೂರಕ್ಕೆ ಮದುವೆ. ಐದು ಹೆರಿಗೆ. ಎರಡು ಉಳಿಯಲಿಲ್ಲ. ಮೂರನೆಯದು ಹೋದಾಗ ಎದೆಹಾಲು ನಿಲ್ಲದೆ ಕುಪ್ಪಸ ತೊಯ್ಯುತ್ತಿತ್ತಂತೆ. ಹಾಲು ಬತ್ತಲೆಂದು ಎದೆಗೆ ಬಟ್ಟೆ ಬಿಗಿದುಕೊಂಡು ಮಾರನೆಯ ವಾರವೇ ಹೊಲಕ್ಕೆ ಕಳೆ ತೆಗೆಯಲು ಹೋದರು. ಆರು ತಿಂಗಳೊಳಗೆ ಮತ್ತೆ ಬಸಿರು, ಅದು ನನ್ನ ಗಂಡ. ಐದನೆಯದಾದ ಮೇಲೆ ಆಪರೇಷನ್ ಶಿಬಿರಕ್ಕೆ ಕರೆದೊಯ್ದರು. ಅದನ್ನೂ ಮನೆಯವರೇ ಗೊತ್ತುಮಾಡಿದ್ದರು. ಹೆರು ಎಂದಾಗಲೂ ಯಾರೂ ಕೇಳಲಿಲ್ಲ, ಸಾಕು ಎಂದಾಗಲೂ ಕೇಳಲಿಲ್ಲ. “ಬೇಡ ಎನ್ನಲು ಬರುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ ಯವ್ವಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಗೊತ್ತಿದ್ದರೆ ಎರಡಕ್ಕೆ ಬೇಡ ಎನ್ನುತ್ತಿದ್ದೆ. ಆಗ ನಿನ್ನ ಗಂಡ ಹುಟ್ಟುತ್ತಿರಲಿಲ್ಲ” ಎಂದರು. ಇಬ್ಬರೂ ಸುಮ್ಮನಾದೆವು. ಕೆಳಗೆ ನನ್ನ ಗಂಡ ಗೊರಕೆ ಹೊಡೆಯುತ್ತಿದ್ದುದು ಕೇಳಿಸುತ್ತಿತ್ತು. ಈ ಮನುಷ್ಯ ಇಲ್ಲದ ಲೋಕವನ್ನು ನಾನು ಊಹಿಸಲಾರೆ. ಆದರೂ ಅತ್ತೆಗೆ ಆ ‘ಬೇಡ’ ಸಿಗಬೇಕಿತ್ತು ಎಂದೇ ಇಂದಿಗೂ ಅನ್ನಿಸುತ್ತದೆ. ಈ ಎರಡನ್ನೂ ನಾನು ಒಟ್ಟಿಗೆ ಹಿಡಿದುಕೊಂಡೇ ಇದ್ದೇನೆ, ಯಾವುದನ್ನೂ ಕೆಳಗಿಡಲಾಗಿಲ್ಲ.

ಇಂದಿಗೂ ಬಹಳ ಬದಲಾಗಿಲ್ಲ. 2019–21ರ ಅದೇ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ಶೇಕಡ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರದು ಸಮೀಕ್ಷೆಯ ಪಟ್ಟಿಯಲ್ಲಿ ಸೊನ್ನೆ. ಗಂಡಸರಿಗೆ ಮಾಡುವ ಶಸ್ತ್ರಚಿಕಿತ್ಸೆ ಅದಕ್ಕಿಂತ ಸಣ್ಣದು, ಹೊಟ್ಟೆ ಕೊಯ್ಯಬೇಕಾಗಿಲ್ಲ. ನನ್ನ ಗಂಡ ಅದನ್ನು ಮಾಡಿಸಿಕೊಂಡರು. ಈ ವಿಷಯ ಬರೆಯಲು ಅವರ ಒಪ್ಪಿಗೆ ಕೇಳಿದಾಗ, ಬರೆ, ಯಾರಾದರೊಬ್ಬರು ಓದಲಿ ಎಂದರು.

ನನ್ನನ್ನು ಸಮಾಧಾನಪಡಿಸಲು ಬರುವವರು ಸಾಲುಮರದ ತಿಮ್ಮಕ್ಕನವರ ಹೆಸರು ಹೇಳುತ್ತಾರೆ. ಮಕ್ಕಳಿಲ್ಲದಿದ್ದರೇನು, 385 ಆಲದ ಮರಗಳನ್ನು ಬೆಳೆಸಲಿಲ್ಲವೇ ಎನ್ನುತ್ತಾರೆ. ಆ ತಾಯಿಗೆ ನಾನು ಕೈಮುಗಿಯುತ್ತೇನೆ. ಆದರೆ ಮಕ್ಕಳಿಲ್ಲದ ಹೆಣ್ಣೊಬ್ಬಳು ಬದುಕಿರುವುದಕ್ಕೆ 385 ಮರಗಳ ಲೆಕ್ಕ ಒಪ್ಪಿಸಬೇಕೇ? ನಿನ್ನ ವಿದ್ಯಾರ್ಥಿಗಳೇ ನಿನ್ನ ಮಕ್ಕಳು ಎನ್ನುವವರಿಗೂ ಇದೇ ಮಾತು. ಅವರು ನನ್ನ ಮಕ್ಕಳಲ್ಲ. ಅವರಿಗೆ ಹೆತ್ತವರಿದ್ದಾರೆ. ಅವರಿಗೆ ನಾನು ಕೊಡಬೇಕಾದದ್ದು ಒಳ್ಳೆಯ ಪಾಠ, ಮತ್ತು ಸರಿಯಾದ ಹೊತ್ತಿಗೆ ಮಾಡುವ ಒಂದು ದೂರವಾಣಿ ಕರೆ.

ಆಸೆಯೇ ಆಗುವುದಿಲ್ಲವೇ ಎಂದು ಕೇಳಿದರೆ ಆಗುತ್ತದೆ. ಜನವರಿಯ ಗವಿಮಠದ ಜಾತ್ರೆಯಲ್ಲಿ ಪಕ್ಕದ ಮನೆಯ ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು. ದಾಸೋಹದಲ್ಲಿ ತಿಂದ ಮಾದಲಿಯ ಬೆಲ್ಲ ಅದರ ತುಟಿಯಲ್ಲಿ ಇನ್ನೂ ಅಂಟಿತ್ತು. ಜೊಲ್ಲಿನಿಂದ ನನ್ನ ಕುಪ್ಪಸದ ಹೆಗಲು ಒದ್ದೆಯಾಗಿ, ಆಮೇಲೆ ತಣ್ಣಗಾಯಿತು. ಮಗುವನ್ನು ಅದರ ತಾಯಿಗೆ ಕೊಟ್ಟು ಮನೆಗೆ ಬಂದ ಮೇಲೂ ಆ ಒದ್ದೆ ಜಾಗದ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡು ಕೂತಿದ್ದೆ. ತೀರ್ಮಾನ ಸರಿಯಿದ್ದರೆ ನೋವಾಗಬಾರದೆಂದು ಯಾರು ಹೇಳಿದರು?

ಹೋದ ವಾರ ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಟ್ರಂಕು ತೆರೆದಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ತೊಡೆಯ ಮೇಲೆ ಆ ಪುಟ್ಟ ಕೌದಿ. ಹತ್ತಿರ ಹೋಗಲು ಕಾಲು ಬರಲಿಲ್ಲ. ನಾಲ್ಕನೆಯ ಅಂಚನ್ನು ಮುಗಿಸಿ, ಯಾರದೋ ಕೂಸಿಗೆ ಕೊಡಲು ಮನಸ್ಸು ಮಾಡಿದ್ದಾರೆ ಎಂದುಕೊಂಡೆ. ಸೂಜಿಗೆ ದಾರ ಪೋಣಿಸಿಕೊಡು, ಕಣ್ಣು ಕಾಣಿಸುವುದಿಲ್ಲ ಎಂದರು. ಪೋಣಿಸಿಕೊಟ್ಟೆ.

“ಹಾಗೆಯೇ ನಿನ್ನ ಹಳೆಯ ಸೀರೆ ಎರಡು ಇದ್ದರೆ ತೆಗೆದುಕೊಂಡು ಬಾ” ಎಂದರು.

ಯಾಕೆ ಎಂದು ಕೇಳಿದೆ. ಅವರು ಹೊಲಿಯದೆ ಬಿಟ್ಟ ಅಂಚನ್ನು ನೆಲದ ಮೇಲೆ ಬಿಡಿಸಿ, ಅಲ್ಲಿಂದ ಮುಂದಕ್ಕೆ ಕೈಯಿಂದ ಅಳೆಯುತ್ತಾ ಹೋದರು. ಒಂದು ಮೊಳ, ಎರಡು ಮೊಳ, ಮೂರು.

“ಇನ್ನಷ್ಟು ಜೋಡಿಸಬೇಕು. ಚಳಿಗಾಲಕ್ಕೆ ನಿನ್ನ ಕಾಲು ಮುಚ್ಚಬೇಕಲ್ಲ.”

ನೀಲಿ ಅಂಚಿನ ಹಸಿರು ಸೀರೆಯನ್ನೂ, ಮದುವೆಯ ವರ್ಷ ಭಾಗ್ಯನಗರದಲ್ಲಿ ಕೊಂಡ ಹಳದಿಯದನ್ನೂ ತಂದುಕೊಟ್ಟೆ. ಅತ್ತೆ ಹಸಿರನ್ನು ಹಲ್ಲಿನಿಂದ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು, ಉದ್ದಕ್ಕೆ ಸರ್ರನೆ ಹರಿದರು.